ಶುಗರ್ ಇರುವ ಹಿರಿಯರ ಮನಸ್ಸಿಗೆ ಮನೆಯವರ ಆಸರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮನೆಯ ಹಿರಿಯರೊಬ್ಬರಿಗೆ ಶುಗರ್ ಇದೆ ಅಂದರೆ ಎಲ್ಲರ ಕಣ್ಣೂ ಮೊದಲು ಅವರ ತಟ್ಟೆಯ ಮೇಲೆ ಬೀಳುತ್ತದೆ. ಆಮೇಲೆ ಮಾತ್ರೆ ಡಬ್ಬಿಯ ಮೇಲೆ, ಮೀಟರಿನ ಅಂಕಿಯ ಮೇಲೆ. ಅವರ ಮುಖ ನೋಡುವುದು ಮಾತ್ರ ಮರೆತೇ ಹೋಗುತ್ತದೆ. ಕಾಳಜಿ ಇಲ್ಲ ಅಂತಲ್ಲ. ಕಾಳಜಿಯೇ ಜಾಸ್ತಿಯಾಗಿ ಕಾವಲಾಗಿಬಿಟ್ಟಿರುತ್ತದೆ.

ಮನಸ್ಸು ಕುಗ್ಗಿದರೆ ಶುಗರ್ ಕೂಡ ಹತೋಟಿ ತಪ್ಪುತ್ತದೆ. ಬೇಜಾರಾದವರು ನಡೆಯಲು ಹೋಗುವುದಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಮಾತ್ರೆ ತಪ್ಪಿಸುತ್ತಾರೆ. ಶುಗರ್ ಏರಿದರೆ ಸುಸ್ತು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಎದ್ದು ನಿದ್ದೆ ಇಲ್ಲ. ನಿದ್ದೆ ಇಲ್ಲದಿದ್ದರೆ ಸಿಡುಕು. ಸಿಡುಕಿದರೆ ಮನೆಯವರು ಇನ್ನಷ್ಟು ಬಿಗಿ ಮಾಡುತ್ತಾರೆ. ಇದರಿಂದ ಹೊರಗೆ ಬರಬೇಕಾದರೆ ಒಂದು ವಿಷಯ ಒಪ್ಪಿಕೊಳ್ಳಬೇಕು ಅಂತ ನನಗನಿಸುತ್ತದೆ: ಕಾಯಿಲೆ ಅವರದು, ಅದರ ಯಜಮಾನಿಕೆಯೂ ಅವರ ಕೈಯಲ್ಲೇ ಇರಬೇಕು. ಕರೆದರೆ ಓಗೊಡುವಷ್ಟು ಹತ್ತಿರ ನಾವಿರಬೇಕು. ಕೆಳಗೆ ಹೇಳಿರುವುದೆಲ್ಲ ಇದೇ ನಂಬಿಕೆಯ ಮೇಲೆ ನಿಂತಿದೆ.

ಹಂತ 1: ಏನನ್ನೂ ಬದಲಾಯಿಸುವ ಮೊದಲು ಸುಮ್ನೆ ಗಮನಿಸಿ

ಒಂದೆರಡು ವಾರ ಬುದ್ಧಿ ಹೇಳುವುದನ್ನು ನಿಲ್ಲಿಸಿ ನೋಡುತ್ತಾ ಹೋಗಿ. ಹೊರಗಿನಿಂದ ಒಂದೇ ಥರ ಕಾಣುವ ಮೂರು ತೊಂದರೆಗಳಿವೆ. ಮೂರಕ್ಕೂ ದಾರಿ ಬೇರೆ ಬೇರೆ.

ಮೊದಲನೆಯದು ಶುಗರ್‌ನ ಬೇಸರ. "ಎಷ್ಟು ಮಾಡಿದರೂ ಇಷ್ಟೇ", "ಸಾಕಾಗಿ ಹೋಗಿದೆ ಈ ಪಥ್ಯ", "ನಾಳೆ ಕಣ್ಣು ಹೋದರೆ ಏನು ಗತಿ" ಅನ್ನುವ ಮಾತುಗಳು ಇದರ ಗುರುತು. ಮೊಮ್ಮಗು ಬಂದರೆ ನಗುತ್ತಾರೆ, ಗೆಳೆಯರ ಜೊತೆ ಹರಟುತ್ತಾರೆ. ಶುಗರ್ ವಿಷಯ ಎತ್ತಿದ ತಕ್ಷಣ ಮುಖ ಬಾಡುತ್ತದೆ. ಇದು ಹುಚ್ಚಲ್ಲ, ಸೋಮಾರಿತನವೂ ಅಲ್ಲ. ಒಂದು ದಿನವೂ ರಜೆ ಇಲ್ಲದ ಕಾಯಿಲೆಯ ಜೊತೆ ಬದುಕುವವರಿಗೆ ಬರುವ ದಣಿವು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಅವರ ಜೊತೆಗಾರರು 1995ರಲ್ಲಿ ಇದನ್ನು ಅಳೆಯುವುದಕ್ಕಾಗಿಯೇ ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅಂದರೆ ವೈದ್ಯಲೋಕವೂ ಇದನ್ನು ಖಿನ್ನತೆಯಿಂದ ಬೇರೆಯಾಗಿಯೇ ನೋಡುತ್ತದೆ. ಹೊರೆ ಸ್ವಲ್ಪ ಹಗುರಾದರೆ, ಮಾತು ಮೆತ್ತಗಾದರೆ ಈ ದಣಿವು ಬಹಳಷ್ಟು ಇಳಿಯುತ್ತದೆ.

ಎರಡನೆಯದು ಖಿನ್ನತೆ. ಶುಗರ್ ಇರುವವರಲ್ಲಿ ಇದು ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ವಯಸ್ಸಾದವರು "ನನಗೆ ದುಃಖವಾಗಿದೆ" ಅಂತ ಬಾಯಿಬಿಟ್ಟು ಹೇಳುವುದು ಅಪರೂಪ. ಮೈಕೈ ನೋವು, ಊಟ ಸೇರುವುದಿಲ್ಲ, ಬೆಳಗಿನ ಜಾವವೇ ಎಚ್ಚರ, ಯಾರೂ ಬೇಡ ಅಂತೆಲ್ಲ ಹೇಳುತ್ತಾರೆ. ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಓದು, ಹಾಡು, ತೋಟದ ಕೆಲಸ ಯಾವುದೂ ಬೇಡವಾಗುತ್ತದೆ. "ನನ್ನಿಂದ ಎಲ್ಲರಿಗೂ ತೊಂದರೆ" ಅನ್ನುವ ಮಾತು ಬರುತ್ತದೆ. ಹೀಗೆ ಎರಡು ವಾರ ಬಿಡದೆ ಇದ್ದರೆ 10ನೇ ಹಂತಕ್ಕೆ ಹೋಗಿ. ಸಾಯುವ ಮಾತು ಬಂದರೆ ಎರಡು ವಾರವೂ ಕಾಯಬೇಡಿ.

ಮೂರನೆಯದು ದೇಹದಿಂದಲೇ ಬರುವ ಮಂಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಆಗ ಸುಸ್ತು, ಮರೆವು, ಕಾಲು ಜೋಮು, ಮನಸ್ಸಿಗೆ ಗೆಲುವಿಲ್ಲ. ಥೈರಾಯ್ಡ್ ಕಡಿಮೆಯಾದರೂ ಹೀಗೇ. ಶುಗರ್ ಇಳಿದಾಗ ಕೆಲವರು ಮಂಕಾಗುತ್ತಾರೆ, ಇಲ್ಲವೇ ಸುಮ್ಮಸುಮ್ಮನೆ ಕೂಗಾಡುತ್ತಾರೆ. ಕಿವಿ ಮಂದವಾಗಿದ್ದರೆ ಮಾತಿನಿಂದಲೇ ದೂರ ಸರಿಯುತ್ತಾರೆ. ಕರೆದರೆ ಓಗೊಡದ ಅಜ್ಜ ಹಠಮಾರಿಯೇ ಆಗಿರಬೇಕಿಲ್ಲ, ಕೇಳಿಸದೆಯೂ ಇರಬಹುದು ಅಲ್ವಾ? ರಕ್ತ ಪರೀಕ್ಷೆ, ಕಿವಿ ಪರೀಕ್ಷೆ ಮಾಡಿಸದೆ "ಸ್ವಭಾವವೇ ಹಾಗೆ" ಅಂತ ತೀರ್ಮಾನಿಸಬೇಡಿ.

ಹಂತ 2: ಏನು ಸಹಾಯ ಬೇಕು ಅಂತ ಅವರನ್ನೇ ಕೇಳಿ

ಇಷ್ಟು ಸುಲಭದ ಕೆಲಸವನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಮಾಡಿರುವುದಿಲ್ಲ. 2013ರಲ್ಲಿ ಪ್ರಕಟವಾದ ಡಾನ್-2 ಅನ್ನುವ ಅಧ್ಯಯನ 17 ದೇಶಗಳಲ್ಲಿ ಶುಗರ್ ಇರುವವರ ಜೊತೆಗೆ ಅವರ ಮನೆಯವರನ್ನೂ ಮಾತಾಡಿಸಿತ್ತು. ಮನೆಯವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ, ಹೇಗೆ ಸಹಾಯ ಮಾಡಬೇಕೋ ತಿಳಿಯುತ್ತಿಲ್ಲ ಅಂದಿದ್ದರು. ಮನಸ್ಸಿದೆ, ದಾರಿ ಗೊತ್ತಿಲ್ಲ.

ಪರೀಕ್ಷೆಯ ರಿಪೋರ್ಟ್ ಬಂದ ದಿನ ಕೇಳಬೇಡಿ. ಊಟಕ್ಕೆ ಕೂತಾಗಲೂ ಬೇಡ. ಇಬ್ಬರೇ ಇರುವಾಗ, ಟಿವಿ ಆಫ್ ಆಗಿರುವಾಗ, ಮೂರು ಪ್ರಶ್ನೆ ಸಾಕು:

"ಅಪ್ಪ, ಶುಗರ್ ವಿಷಯದಲ್ಲಿ ನಿಮಗೆ ದಿನಾ ತುಂಬಾ ಬೇಜಾರಾಗೋದು ಯಾವುದು?"
"ನಾವು ಮಾಡ್ತಿರೋದರಲ್ಲಿ ಯಾವುದು ನಿಮಗೆ ಒಳ್ಳೇದಾಗ್ತಿದೆ? ಯಾವುದು ಕಿರಿಕಿರಿ?"
"ಯಾವುದನ್ನ ನೀವೇ ನೋಡ್ಕೋತೀರಿ? ಯಾವುದರಲ್ಲಿ ನಾನು ಕೈಜೋಡಿಸಲಿ?"

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುವುದೇ ಕಷ್ಟ. ಅವರು ಹೇಳುತ್ತಿರುವಾಗ ನಡುವೆ ಸಮರ್ಥನೆ ಕೊಡಬೇಡಿ. "ನಿಮ್ಮ ಒಳ್ಳೇದಕ್ಕೇ ಅಲ್ವಾ ಹೇಳಿದ್ದು" ಅಂದರೆ ಮಾತು ಅಲ್ಲಿಗೆ ಮುಗಿಯಿತು. ಉತ್ತರಗಳು ನಾವು ಊಹಿಸಿದ್ದಕ್ಕಿಂತ ಚಿಕ್ಕವೂ ಸುಲಭದವೂ ಆಗಿರುತ್ತವೆ. ನೆಂಟರ ಮುಂದೆ ತಟ್ಟೆ ಕಸಿಯಬೇಡ. ಸ್ಟ್ರಿಪ್ ಡಬ್ಬಿ ತೆಗೆಯಲು ಬೆರಳಿಗೆ ಶಕ್ತಿಯಿಲ್ಲ, ಅದನ್ನು ತೆಗೆದುಕೊಡು. ಸಂಜೆ ನಡೆಯಲು ಒಬ್ಬನೇ ಹೋಗಲು ಭಯ, ಜೊತೆಗೆ ಬಾ. ಇಂಥವು.

"ಏನೂ ಬೇಡ" ಅಂದರೆ ಅಷ್ಟಕ್ಕೇ ಬಿಡಿ. ಕೆಲವು ದಿನ ಕಳೆದು ಮತ್ತೊಮ್ಮೆ ಕೇಳಿ. ಬಹಳ ವರ್ಷ ಯಾರೂ ಕೇಳದ ಪ್ರಶ್ನೆಗೆ ಒಂದೇ ದಿನದಲ್ಲಿ ಉತ್ತರ ಹುಟ್ಟುವುದಿಲ್ಲ.

ಹಂತ 3: ಮೀಟರಿನ ಮುಂದೆ ಆಡುವ ಮಾತು ಬದಲಿಸಿ

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಮ್ಮ ಬೆರಳು ಚುಚ್ಚಿಕೊಳ್ಳುತ್ತಾರೆ. ಮೀಟರಿನಲ್ಲಿ 238. ಹತ್ತಿಯಿಂದ ಬೆರಳು ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮೀಟರನ್ನು ಮೆಲ್ಲಗೆ ಮಗುಚಿ ಇಡುತ್ತಾರೆ. ಅಡುಗೆಮನೆಯಿಂದ ಧ್ವನಿ: "ಎಷ್ಟು ಬಂತು? ನಿನ್ನೆ ರಾತ್ರಿ ಏನು ತಿಂದ್ರಿ?"

ಆ ಮಗುಚಿಟ್ಟ ಮೀಟರ್ ನೋಡಿದರೆ ಮನೆಯ ಸ್ಥಿತಿ ಗೊತ್ತಾಗುತ್ತದೆ. ಅಂಕಿಯನ್ನು ಅವರು ತಮ್ಮ ಮೇಲೆ ಕೊಟ್ಟ ತೀರ್ಪು ಅಂತ ತಿಳಿದುಕೊಂಡಿದ್ದಾರೆ. ಇದೇ ಮುಂದುವರಿದರೆ ಪುಸ್ತಕದಲ್ಲಿ 238ರ ಬದಲು 130 ಅಂತ ಬರೆಯುತ್ತಾರೆ, ಇಲ್ಲವೇ ನೋಡುವುದನ್ನೇ ಬಿಡುತ್ತಾರೆ. ಸುಳ್ಳು ಅಂಕಿ ನೋಡಿ ಡಾಕ್ಟರ್ ಔಷಧಿ ನಿರ್ಧರಿಸಿದರೆ ಅಪಾಯ ಯಾರಿಗೆ?

ನಿಜ ಏನೆಂದರೆ, ಏನೂ ತಿನ್ನದೆಯೂ ಬೆಳಗಿನ ಶುಗರ್ ಏರುತ್ತದೆ. ಬೆಳಗಿನ ಜಾವ ದೇಹ ಬಿಡುವ ಹಾರ್ಮೋನುಗಳಿಂದ ಲಿವರ್ ಸಕ್ಕರೆಯನ್ನು ರಕ್ತಕ್ಕೆ ಸೇರಿಸುತ್ತದೆ. ನಿದ್ದೆಗೆಟ್ಟರೆ ಏರುತ್ತದೆ. ಮೂತ್ರದ ಸೋಂಕು, ಹಲ್ಲಿನ ಕೀವು, ಮಂಡಿ ನೋವು, ಸ್ಟೆರಾಯ್ಡ್ ಮಾತ್ರೆ, ಮನೆಯಲ್ಲಿ ನಡೆದ ಜಗಳ ಎಲ್ಲದರಿಂದಲೂ ಏರಬಹುದು. ಹಾಗಾಗಿ "ಏನು ತಿಂದ್ರಿ" ಅನ್ನುವುದು ಎಷ್ಟೋ ಸಲ ತಪ್ಪು ಪ್ರಶ್ನೆಯೇ.

ಅದರ ಬದಲು ಹೀಗೆ ಕೇಳಿ: "ಇವತ್ತು ಸ್ವಲ್ಪ ಜಾಸ್ತಿ ಇದೆ. ರಾತ್ರಿ ನಿದ್ದೆ ಬಂತಾ? ಎಲ್ಲಾದರೂ ನೋವಿದೆಯಾ?" ಅಂಕಿ ಚೆನ್ನಾಗಿ ಬಂದ ದಿನ "ಭೇಷ್" ಅನ್ನುವುದೂ ಬೇಡ ಅನ್ನುತ್ತೇನೆ ನಾನು. ಒಳ್ಳೆಯ ಅಂಕಿಗೆ ಶಹಬ್ಬಾಸ್ ಸಿಕ್ಕರೆ ಕೆಟ್ಟ ಅಂಕಿಗೆ ತಾನಾಗೇ ನಾಚಿಕೆ ಅಂಟಿಕೊಳ್ಳುತ್ತದೆ. ಹೊಗಳುವುದಾದರೆ ಮಾಡಿದ ಕೆಲಸವನ್ನು ಹೊಗಳಿ: "ಮಂಡಿ ನೋವಿದ್ದರೂ ಇವತ್ತು ನಡೆದು ಬಂದ್ರಲ್ಲಾ."

ಇನ್ನೊಂದು ಮಾತು. ಭಯ ಹುಟ್ಟಿಸಿ ದಾರಿಗೆ ತರಬೇಡಿ. "ಕಾಲು ಕತ್ತರಿಸಬೇಕಾಗುತ್ತೆ ನೋಡಿ" ಅನ್ನುವ ಮಾತು ಕೇಳಿದ ರಾತ್ರಿ ಅವರು ನಿದ್ದೆ ಮಾಡುವುದಿಲ್ಲ. ಮರುದಿನ ಪಥ್ಯವನ್ನೇನೂ ಜಾಸ್ತಿ ಮಾಡುವುದಿಲ್ಲ.

ಹಂತ 4: ಅವರ ವಯಸ್ಸಿಗೆ ಗುರಿ ಎಷ್ಟು ಅಂತ ತಿಳಿದುಕೊಳ್ಳಿ

ಮನೆಯ ಅರ್ಧ ಜಗಳಗಳು ತಪ್ಪು ಗುರಿಯಿಂದಲೇ ಹುಟ್ಟುತ್ತವೆ. ನಲವತ್ತರ ಮಗನಿಗೆ ಹೇಳಿದ ಗುರಿ ಎಂಬತ್ತರ ತಂದೆಗೆ ಅಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಆರೋಗ್ಯವಾಗಿ ಓಡಾಡಿಕೊಂಡಿರುವ ಹಿರಿಯರಲ್ಲಿ ಶೇಕಡಾ 7 ಅಥವಾ 7.5ಕ್ಕಿಂತ ಕಡಿಮೆ ಇರಲಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುತ್ತದೆ. ಹಲವು ಕಾಯಿಲೆ ಇರುವವರಿಗೆ, ಸ್ವಲ್ಪ ಮರೆವು ಇರುವವರಿಗೆ 8ರ ಒಳಗೆ ಇದ್ದರೆ ಸಾಕು. ತೀರಾ ಹಣ್ಣಾದವರಲ್ಲಿ ಆ ಸಂಖ್ಯೆಯ ಬೆನ್ನು ಹತ್ತುವುದನ್ನೇ ಬಿಟ್ಟು, ಶುಗರ್ ಇಳಿಯದಂತೆ ಮತ್ತು ತೀರಾ ಏರಿ ತೊಂದರೆ ಕೊಡದಂತೆ ನೋಡಿಕೊಳ್ಳುತ್ತಾರೆ.

ನಿಮ್ಮ ಮನೆಯವರ ಗುರಿಯನ್ನು ಡಾಕ್ಟರ್ ಬಾಯಿಂದಲೇ ಕೇಳಿ, ಅವರೂ ಎದುರಿಗಿರಲಿ. "ನಿಮಗೆ ಇಷ್ಟಿದ್ದರೆ ಸಾಕು" ಅಂತ ಡಾಕ್ಟರ್ ಹೇಳಿದಾಗ ಎಷ್ಟೋ ಜನರ ಭುಜದ ಬಿಗಿ ಇಳಿಯುವುದನ್ನು ಕಣ್ಣಾರೆ ನೋಡಬಹುದು.

ಹಂತ 5: ಕೆಲಸ ಹಂಚಿಕೊಳ್ಳಿ, ಕಸಿದುಕೊಳ್ಳಬೇಡಿ

ಒಂದು ಹಾಳೆಯಲ್ಲಿ ದಿನದ ಕೆಲಸಗಳನ್ನು ಬರೆಯಿರಿ: ಮಾತ್ರೆ ತುಂಬಿಡುವುದು, ಶುಗರ್ ನೋಡುವುದು, ಇಂಜೆಕ್ಷನ್, ಪಾದ ನೋಡುವುದು, ಔಷಧಿ ತರುವುದು, ಡಾಕ್ಟರ್ ಭೇಟಿ. ಪ್ರತಿಯೊಂದರ ಮುಂದೆ ಯಾರ ಹೆಸರು ಅಂತ ಅವರೇ ಹೇಳಲಿ. ಕೈಯಲ್ಲಿ ಆಗುವುದನ್ನು ಅವರೇ ಮಾಡಲಿ. ನಿಧಾನವಾದರೂ ಪರವಾಗಿಲ್ಲ. ವಾರದ ಏಳು ದಿನಕ್ಕೂ ಬೇರೆ ಬೇರೆ ಖಾನೆ ಇರುವ ಮಾತ್ರೆ ಡಬ್ಬಿ ಇದ್ದರೆ "ತಗೊಂಡ್ರಾ, ತಗೊಂಡ್ರಾ" ಅಂತ ದಿನಾ ಕೇಳುವ ಅಗತ್ಯವೇ ಇಲ್ಲ. ಖಾನೆ ಖಾಲಿಯಾಗಿದೆಯಾ ಅಂತ ನೋಡಿದರೆ ಸಾಕು. ಕಣ್ಣು ಮಂಜಾದವರಿಗೆ ದೊಡ್ಡ ಅಕ್ಷರದ ಮೀಟರ್, ತಿರುಗಿಸಿದರೆ ಟಿಕ್ ಟಿಕ್ ಸದ್ದು ಮಾಡುವ ಇನ್ಸುಲಿನ್ ಪೆನ್ ಅನುಕೂಲ.

ಪಾದ ನೋಡುವುದು ಮಾತ್ರ ಇಬ್ಬರು ಸೇರಿ ಮಾಡುವ ಕೆಲಸವಾಗಲಿ. ಬಗ್ಗಲು ಆಗದವರಿಗೆ ತಮ್ಮ ಅಂಗಾಲು ಕಾಣುವುದಿಲ್ಲ, ನರ ಸೋತಿದ್ದರೆ ಗಾಯದ ನೋವೂ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುಂಚೆ ಐದು ನಿಮಿಷ, ಬೆರಳಿನ ಸಂದಿ, ಹಿಮ್ಮಡಿ ಎಲ್ಲ ನೋಡಿ ಎಣ್ಣೆಯನ್ನೋ ಕ್ರೀಮನ್ನೋ ಸವರಿ. ಸಂದಿಗೆ ಮಾತ್ರ ಹಚ್ಚಬೇಡಿ, ಅಲ್ಲಿ ಒದ್ದೆಯಾದರೆ ಸೋಂಕು ತಗಲುತ್ತದೆ. ವಯಸ್ಸಾದವರನ್ನು ಯಾರೂ ಮುಟ್ಟುವುದೇ ಇಲ್ಲ ಅನ್ನುವುದು ನನಗೆ ಬಹಳ ಕಾಡುವ ವಿಷಯ. ಕಾಲು ಸವರುವ ಆ ಹೊತ್ತಿನಲ್ಲಿ ಅವರು ಹಗಲೆಲ್ಲ ಹೇಳದ ಮಾತು ಹೇಳುತ್ತಾರೆ.

ಊಟದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವರಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಬೇಡ. ತರಕಾರಿ, ಕಾಳು ಜಾಸ್ತಿ ಇರುವ ಊಟ ಎಲ್ಲರಿಗೂ ಒಳ್ಳೆಯದೇ. ಒಂದೇ ಅಡುಗೆ, ಪ್ರಮಾಣ ಮಾತ್ರ ಬೇರೆ. ಹಬ್ಬದ ದಿನದ ಒಂದು ಚೂರು ಸಿಹಿಗೆ ಮೊದಲೇ ಲೆಕ್ಕ ಹಾಕಿಕೊಂಡರೆ ಕದ್ದು ತಿನ್ನುವ ಪ್ರಸಂಗ ಬರುವುದಿಲ್ಲ. ಕದ್ದು ತಿಂದರೂ ಆ ವಿಷಯ ನೆರೆಹೊರೆಯವರ ಮುಂದೆ ನಗೆಯ ಮಾತಾಗದಿರಲಿ.

ಹಂತ 6: ಲೋ ಶುಗರ್‌ಗೆ ಸಿದ್ಧತೆ, ಅದರ ಭಯಕ್ಕೂ ಸಿದ್ಧತೆ

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಲೋ ಶುಗರ್. 54ಕ್ಕಿಂತ ಕೆಳಗಾದರೆ ಗಂಭೀರ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್ ಥರದ ಮಾತ್ರೆ ನುಂಗುವವರಿಗೆ ಇದರ ಅಪಾಯ ಜಾಸ್ತಿ. ವಯಸ್ಸಾದವರಲ್ಲಿ ನಡುಕ, ಬೆವರು ಕಾಣಿಸದೆ ನೇರವಾಗಿ ಗೊಂದಲ, ತೊದಲು, ತಲೆಸುತ್ತು, ಬೀಳುವುದು ಆಗಬಹುದು. ಬಿಪಿಗೆ ಅಥವಾ ಹೃದಯಕ್ಕೆ ಬೀಟಾ ಬ್ಲಾಕರ್ ಅನ್ನುವ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎದೆಬಡಿತವೂ ನಡುಕವೂ ಗೊತ್ತೇ ಆಗದಿರಬಹುದು.

ಮನೆಯ ಎಲ್ಲರಿಗೂ, ಮಕ್ಕಳಿಗೂ ಇಷ್ಟು ಬಾಯಿಪಾಠವಾಗಿರಲಿ:

ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ 15 ಗ್ರಾಂ ಸಕ್ಕರೆ ಕೊಡಿ. ಅಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ, ಅಥವಾ ಅರ್ಧ ಕಪ್ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. 70 ದಾಟದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಾಮಾನ್ಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲುಕೋಸ್ ಪುಡಿಯೇ ಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಡಾಕ್ಟರ್ ಶುಗರ್ ಏರಿಸುವ ಗ್ಲುಕಗಾನ್ ಅನ್ನುವ ಔಷಧಿ ಬರೆದುಕೊಟ್ಟು ಹಾಕುವುದನ್ನು ಕಲಿಸಿದ್ದರೆ ಅದನ್ನು ಹಾಕಿ.

ಇದು ದೇಹದ ಭಾಗ. ಮನಸ್ಸಿನ ಭಾಗ ಬೇರೆಯೇ ಇದೆ. ಒಮ್ಮೆ ರಾತ್ರಿ ಶುಗರ್ ಇಳಿದು ಒದ್ದಾಡಿದವರು ಆಮೇಲೆ ಮಲಗಲು ಹೆದರುತ್ತಾರೆ. ಇಳಿಯದಿರಲಿ ಅಂತ ಮಲಗುವ ಮುಂಚೆ ಬೇಕೆಂದೇ ಏನಾದರೂ ತಿನ್ನುತ್ತಾರೆ, ಇನ್ಸುಲಿನ್ ಕಡಿಮೆ ಹಾಕಿಕೊಳ್ಳುತ್ತಾರೆ. ಮನೆಯವರಿಗೆ ಅದು ಬಾಯಿಚಪಲದಂತೆ ಕಾಣುತ್ತದೆ. "ರಾತ್ರಿ ಶುಗರ್ ಇಳಿದೀತು ಅಂತ ಭಯವಾಗುತ್ತಾ?" ಅಂತ ನೇರವಾಗಿ ಕೇಳಿ. ಹಾಸಿಗೆ ಪಕ್ಕ ಗ್ಲುಕೋಸ್, ಮೀಟರ್, ಟಾರ್ಚ್, ಕರೆಯಲು ಒಂದು ಗಂಟೆ ಇಡಿ. ವಿಷಯ ಡಾಕ್ಟರಿಗೂ ಹೇಳಿ. ಔಷಧಿಯನ್ನೋ ಡೋಸನ್ನೋ ಬದಲಿಸಿ ಈ ಭಯ ಇಳಿಸಬಹುದು.

ಹಂತ 7: ಇನ್ಸುಲಿನ್ ಮಾತು ಬಂದಾಗ

"ಇನ್ಸುಲಿನ್ ಅಂದರೆ ಕೊನೆ ಹಂತ" ಅನ್ನುವ ನಂಬಿಕೆ ಗಟ್ಟಿಯಾಗಿದೆ. ಡಾಕ್ಟರ್ ಆ ಹೆಸರು ಎತ್ತಿದ ದಿನ ಹಿರಿಯರು ಸೋತವರಂತೆ ಕೂರುತ್ತಾರೆ. ವರ್ಷ ಕಳೆದಂತೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದು ತಾನಾಗೇ ಕಡಿಮೆಯಾಗುತ್ತದೆ, ಇದು ನಿಮ್ಮ ತಪ್ಪಲ್ಲ ಅಂತ ಅವತ್ತೇ ಹೇಳಿ. "ಸರಿಯಾಗಿ ಇರದಿದ್ದರೆ ಇಂಜೆಕ್ಷನ್ ಕೊಡಿಸ್ತೀವಿ" ಅಂತ ಹಿಂದೆ ಬೆದರಿಸಿದ್ದರೆ ಈಗ ಅದರ ಫಲ ಕಾಣುತ್ತದೆ. ಮೊದಲ ಕೆಲವು ದಿನ ಚುಚ್ಚುವಾಗ ಪಕ್ಕದಲ್ಲಿ ಕೂತಿರಿ.

ಹಂತ 8: ನಾಚಿಕೆಯಿಂದ ಹೇಳದ ವಿಷಯಗಳು

ಮದುವೆಗೆ ಬರುವುದಿಲ್ಲ, ಪ್ರಯಾಣ ಬೇಡ, ನೀವು ಹೋಗಿ ಬನ್ನಿ ಅನ್ನುತ್ತಾರೆ. ಮನೆಯವರು ವೈರಾಗ್ಯ ಅಂದುಕೊಳ್ಳುತ್ತಾರೆ. ಬಹಳ ಸಲ ಕಾರಣ ಮೂತ್ರ ತಡೆಯಲು ಆಗದಿರುವುದು. ದಾರಿಯಲ್ಲಿ ಎಲ್ಲಿ ಶೌಚಾಲಯ ಇದೆ ಅಂತ ಮೊದಲೇ ನೋಡಿಟ್ಟುಕೊಂಡು, ಒಂದು ಜೊತೆ ಬಟ್ಟೆ ಸದ್ದಿಲ್ಲದೆ ಚೀಲದಲ್ಲಿಟ್ಟುಕೊಂಡು "ಬನ್ನಿ ಅಮ್ಮ, ನಾನಿದೀನಿ" ಅನ್ನಿ. ಮೂತ್ರ ಸೋರುವುದಕ್ಕೆ ಚಿಕಿತ್ಸೆಯೂ ಇದೆ.

ಗಂಡ ಹೆಂಡಿರ ನಡುವಿನ ಸಾಮೀಪ್ಯಕ್ಕೂ ಶುಗರ್ ಅಡ್ಡ ಬರುತ್ತದೆ. ಮಕ್ಕಳು ಇದರಲ್ಲಿ ತಲೆಹಾಕಬೇಕಿಲ್ಲ. ಡಾಕ್ಟರ್ ಜೊತೆ ಒಬ್ಬರೇ ಮಾತಾಡಲು ಅವರಿಗೆ ಐದು ನಿಮಿಷ ಬಿಟ್ಟುಕೊಟ್ಟರೆ ಸಾಕು.

ಹಂತ 9: ಡಾಕ್ಟರ್ ಹತ್ತಿರ ಹೋದಾಗ

ಹಿಂದಿನ ದಿನ ಅವರ ಜೊತೆ ಕೂತು ಮೂರು ಪ್ರಶ್ನೆ ಬರೆದುಕೊಳ್ಳಿ, ಅವರ ಮಾತಿನಲ್ಲೇ. ಒಳಗೆ ಹೋದಾಗ ಡಾಕ್ಟರ್ ನಿಮ್ಮನ್ನು ನೋಡಿ ಕೇಳಿದರೆ, "ಅಪ್ಪಾಜಿ, ನೀವೇ ಹೇಳಿ" ಅಂತ ಅವರ ಕಡೆ ತಿರುಗಿ. ಅವರು ಬಿಟ್ಟದ್ದನ್ನು ಕೊನೆಯಲ್ಲಿ ಸೇರಿಸಿದರಾಯಿತು. ಡಾಕ್ಟರ್ ಮುಂದೆ ಚಾಡಿ ಹೇಳುವ ಅಭ್ಯಾಸ ಇದ್ದರೆ ಇವತ್ತಿನಿಂದಲೇ ಬಿಡಿ. ಮನಸ್ಸಿನ ವಿಷಯವನ್ನೂ ಪಟ್ಟಿಯಲ್ಲಿ ಸೇರಿಸಿ. ಹಿರಿಯರಿಗಾಗಿಯೇ ಇರುವ, ಹೌದು ಅಥವಾ ಇಲ್ಲ ಅಂತ ಉತ್ತರಿಸುವ 15 ಪ್ರಶ್ನೆಗಳ ಖಿನ್ನತೆ ಪರೀಕ್ಷೆಯನ್ನು ಕೆಲವೇ ನಿಮಿಷದಲ್ಲಿ ಮಾಡಬಹುದು. ಕೇಳಿ ಮಾಡಿಸಿ.

ಹಂತ 10: ಖಿನ್ನತೆ ಇದೆ ಅಂತಾದರೆ

ವಯಸ್ಸಾದ ಮೇಲೆ ಮಂಕು ಸಹಜ ಅನ್ನುವ ಮಾತನ್ನು ಒಪ್ಪಬೇಡಿ. ಖಿನ್ನತೆ ವಯಸ್ಸಿನ ಲಕ್ಷಣ ಅಲ್ಲ, ಅದಕ್ಕೆ ಔಷಧಿ ಇದೆ, ಆಪ್ತಸಮಾಲೋಚನೆ ಇದೆ. ಎಂಬತ್ತರ ವಯಸ್ಸಿನಲ್ಲೂ ಗುಣ ಕಾಣುತ್ತದೆ. ಮಾತ್ರೆಯ ಪರಿಣಾಮ ಗೊತ್ತಾಗಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ. ಕೆಲವು ಮನೋರೋಗ ಔಷಧಿಗಳಿಂದ ತೂಕ, ಶುಗರ್ ಎರಡೂ ಬದಲಾಗಬಹುದು. ಹಾಗಾಗಿ ಎರಡೂ ಕಡೆಯ ಡಾಕ್ಟರಿಗೆ ಪೂರ್ತಿ ಔಷಧಿ ಪಟ್ಟಿ ತೋರಿಸಿ.

ಜೊತೆಗೆ ದಿನಕ್ಕೊಂದು ಚಿಕ್ಕ ಕೆಲಸ ಅವರಿಗಾಗಿ ಉಳಿಸಿ. ಗಿಡಕ್ಕೆ ನೀರು, ಮೊಮ್ಮಗುವಿಗೆ ಕತೆ, ಮನೆಯ ಲೆಕ್ಕ ಬರೆಯುವುದು. ತನ್ನಿಂದ ಮನೆಗೆ ಏನೋ ಸಲ್ಲುತ್ತಿದೆ ಅಂತ ಅನ್ನಿಸಬೇಕು.

"ನಾನು ಹೋಗಿಬಿಟ್ಟರೆ ಸಾಕು" ಅಂದರೆ "ಹಾಗೆಲ್ಲ ಮಾತಾಡಬೇಡಿ" ಅಂತ ಬಾಯಿ ಮುಚ್ಚಿಸಬೇಡಿ. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಅಂತ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಜಾಗ ಸಿಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಇನ್ಸುಲಿನ್, ಮಾತ್ರೆಗಳನ್ನು ನಿಮ್ಮ ವಶಕ್ಕೆ ತೆಗೆದುಕೊಳ್ಳಿ, ಅವತ್ತೇ ಡಾಕ್ಟರನ್ನು ಕಾಣಿ. ತಿನ್ನುವುದನ್ನು, ಇನ್ಸುಲಿನ್ ಹಾಕಿಕೊಳ್ಳುವುದನ್ನು ಬೇಕೆಂದೇ ಬಿಡುತ್ತಿದ್ದರೆ ಅದೂ ಇದೇ ಎಚ್ಚರಿಕೆ.

ಹಂತ 11: ನೋಡಿಕೊಳ್ಳುವವರು ಬೀಳಬಾರದು

ಹೆಚ್ಚಾಗಿ ಈ ಹೊರೆ ಒಬ್ಬರ ಮೇಲೇ ಬೀಳುತ್ತದೆ: ಹೆಂಡತಿ, ಮಗಳು ಅಥವಾ ಸೊಸೆ. ಅವರ ನಿದ್ದೆ ಯಾರೂ ಕೇಳುವುದಿಲ್ಲ. ವಾರದಲ್ಲಿ ಒಂದು ಪೂರ್ತಿ ಮಧ್ಯಾಹ್ನ ಇನ್ನೊಬ್ಬರು ಬಂದು ಕೂರುವಂತೆ ಗೊತ್ತು ಮಾಡಿ, ಕ್ಯಾಲೆಂಡರಿನಲ್ಲಿ ಹೆಸರು ಬರೆಯಿರಿ. ದೂರದ ಊರಿನ ಮಕ್ಕಳು ಔಷಧಿ ಖರ್ಚು, ಡಾಕ್ಟರ್ ಅಪಾಯಿಂಟ್‌ಮೆಂಟ್, ರಿಪೋರ್ಟ್ ಜೋಡಿಸಿಡುವುದನ್ನು ವಹಿಸಿಕೊಳ್ಳಬಹುದು. ಫೋನಿನಲ್ಲಿ "ಶುಗರ್ ಎಷ್ಟಿದೆ" ಅಂತ ಶುರು ಮಾಡದಿದ್ದರೆ ಅದೂ ದೊಡ್ಡ ಉಪಕಾರ.

ಹಂತ 12: ಮರೆವು ಶುರುವಾದರೆ

ಶುಗರ್ ಇರುವವರಲ್ಲಿ ಮರೆವಿನ ಕಾಯಿಲೆಯ ಅಪಾಯ ಜಾಸ್ತಿ. 65 ದಾಟಿದವರಿಗೆ ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಒಂದೇ ಡೋಸ್ ಎರಡು ಸಲ ಹಾಕಿಕೊಂಡರು, ಊಟ ಮರೆತರು, ಮೀಟರ್ ಹಿಡಿಯುವುದು ತಿಳಿಯುತ್ತಿಲ್ಲ ಅಂತ ಕಂಡರೆ ಇನ್ಸುಲಿನ್ ಮೊದಲು ನಿಮ್ಮ ಕೈಗೆ ಬರಲಿ. ಉಳಿದದ್ದು ಒಂದೊಂದಾಗಿ. ದಿನಕ್ಕೆ ನಾಲ್ಕು ಸಲದ ಔಷಧಿಯನ್ನು ಒಂದೋ ಎರಡೋ ಸಲಕ್ಕೆ ಇಳಿಸಲು ಆಗುತ್ತಾ ಅಂತ ಡಾಕ್ಟರನ್ನು ಕೇಳಿ, ಎಷ್ಟೋ ಸಲ ಆಗುತ್ತದೆ. ಕೈಬಿಡಿಸುವಾಗಲೂ ಕೇಳಿಯೇ ಮಾಡಿ: "ಅಮ್ಮ, ಇಂಜೆಕ್ಷನ್ ಇವತ್ತು ನಾನು ಹಾಕಲಾ? ಯಾವ ಕಡೆ ಹಾಕಲಿ, ಬಲಕ್ಕಾ, ಎಡಕ್ಕಾ?" ಉತ್ತರ ಬರುವವರೆಗೆ ಕಾಯಿರಿ, ಆಮೇಲೆ ಪೆನ್ನಿನ ಮುಚ್ಚಳ ತೆಗೆಯಿರಿ.